ಗೆಣಸಿನ ಬಳ್ಳಿಯೋ, ಫೌಂಟನ್ ಹುಲ್ಲೋ: ಅಂಗಳದ ಖಾಲಿ ಜಾಗಕ್ಕೆ ಯಾವುದು?

ನಮ್ಮ ಮೈಸೂರಿನ ಮನೆಯ ಮುಂದೆ, ಕಾಂಪೌಂಡ್ ಗೋಡೆಗೂ ಕಾರು ನಿಲ್ಲಿಸುವ ಜಾಗಕ್ಕೂ ನಡುವೆ ಎರಡೂವರೆ ಅಡಿ ಅಗಲದ ಮಣ್ಣಿನ ಪಟ್ಟಿಯೊಂದಿದೆ. ಅದರ ಬಲಗಡೆ ಕಡುನೇರಳೆ ಎಲೆಯ ಗೆಣಸಿನ ಬಳ್ಳಿ ಹಬ್ಬಿದೆ. ಎಡಗಡೆ ಹೆಚ್ಚುಕಡಿಮೆ ಅದೇ ಬಣ್ಣದ ಫೌಂಟನ್ ಹುಲ್ಲು ತೆನೆ ಬಾಗಿಸಿಕೊಂಡು ನಿಂತಿದೆ. ಬಂದವರು ಚಪ್ಪಲಿ ಬಿಡುವ ಮೊದಲೇ ಕೇಳುತ್ತಾರೆ: ‘ಇವೆರಡರಲ್ಲಿ ನಾವು ಯಾವುದನ್ನು ಹಾಕಬಹುದು?’ ಈ ಜೂನ್ ಒಂದರಲ್ಲೇ ಮೂವರು ಕೇಳಿದರು. ಎದುರು ಮನೆಯ ನಿವೃತ್ತ ಮೇಷ್ಟ್ರು, ಬೆಂಗಳೂರಿನ ಫ್ಲ್ಯಾಟಿನಲ್ಲಿರುವ ಚಿಕ್ಕಮ್ಮನ ಮಗಳು, ಹುಣಸೂರಿನ ಕಡೆ ಇಳಿಜಾರಿನಲ್ಲಿ ಮನೆ ಕಟ್ಟಿಸಿರುವ ನಮ್ಮ ಭಾವ. ಮೂವರಿಗೂ ನಾನು ಹೇಳಿದ್ದು ಬೇರೆ ಬೇರೆ ಉತ್ತರ. ಅದು ಯಾಕೆಂದು ಇಲ್ಲಿ ಬಿಡಿಸಿ ಬರೆಯುತ್ತೇನೆ.

ಗಿಡಕ್ಕಿಂತ ಮೊದಲು ಜಾಗ

ನರ್ಸರಿಗೆ ಹೋಗುವ ಮೊದಲು ಒಂದು ದಿನ ಆ ಜಾಗದಲ್ಲಿ ಬಿಸಿಲು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡಿ. ಆರು ತಾಸಿಗಿಂತ ಹೆಚ್ಚೋ, ಮೂರು ನಾಲ್ಕು ತಾಸೋ ಎಂಬುದರ ಮೇಲೆಯೇ ಅರ್ಧ ತೀರ್ಮಾನವಾಗುತ್ತದೆ. ಆಮೇಲೆ ನೀರು: ದಿನವೂ ಹಾಕುವವರು ಇದ್ದಾರೆಯೇ, ಅಥವಾ ವಾರಗಟ್ಟಲೆ ಮನೆಗೆ ಬೀಗವೇ? ಮಣ್ಣು ಕೆಮ್ಮಣ್ಣೋ ಎರೆಮಣ್ಣೋ, ಮಳೆ ಬಂದಾಗ ನೀರು ನಿಲ್ಲುತ್ತದೆಯೋ ಹರಿದುಹೋಗುತ್ತದೆಯೋ? ಮನೆಯಲ್ಲಿ ನಾಯಿ, ಹಸು, ಚಿಕ್ಕ ಮಕ್ಕಳು ಇದ್ದಾರೆಯೇ? ಗಿಡದಿಂದ ತಿನ್ನಲು ಏನಾದರೂ ಸಿಗಬೇಕೇ, ನೋಡಲು ಚೆನ್ನಾಗಿದ್ದರೆ ಸಾಕೇ?

ಇವೆಲ್ಲದರ ಜೊತೆಗೆ ಯಾರೂ ಕೇಳದ ಒಂದು ಪ್ರಶ್ನೆಯೂ ಇದೆ: ಕತ್ತರಿ ಹಿಡಿಯುವ ಮನಸ್ಸು ನಿಮಗೆ ಎಷ್ಟಿದೆ? ಬಳ್ಳಿ ಹದಿನೈದು ದಿನಕ್ಕೊಮ್ಮೆ ನಿಮ್ಮ ಕೈ ಬೇಡುತ್ತದೆ. ಹುಲ್ಲು ಬಹುಪಾಲು ವರ್ಷ ನಿಮ್ಮನ್ನು ಬೇಡುವುದಿಲ್ಲ, ಆದರೆ ತನಗೆ ಬೇಕಾದ ಜಾಗವನ್ನು ಮೊದಲೇ ಕೊಟ್ಟಿರಬೇಕು.

ಗೆಣಸಿನ ಬಳ್ಳಿ

ಮೊದಲು ಹೆಸರಿನ ಗೊಂದಲ. ಮಲೆನಾಡಿನಲ್ಲಿ, ಕೊಡಗಿನಲ್ಲಿ ಗೆಣಸು ಎಂದರೆ ಕೆಲವರಿಗೆ ಮರಕ್ಕೆ ಸುತ್ತಿ ಮೇಲೇರುವ ಕಾಡುಗೆಣಸು ನೆನಪಾಗುತ್ತದೆ. ನಾನು ಹೇಳುತ್ತಿರುವುದು ಸಂಕ್ರಾಂತಿಯ ದಿನ ಅವರೆಕಾಯಿ, ಕಡಲೆಕಾಯಿಯ ಜೊತೆ ಬೇಯಿಸುವ ಸಿಹಿಗೆಣಸು. ಅಮೆರಿಕ ಖಂಡದ ಉಷ್ಣವಲಯದಲ್ಲಿ ಹುಟ್ಟಿ, ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕಡೆಗೆ ಬಂದ ಗಿಡ ಇದು. ಮಾರ್ನಿಂಗ್ ಗ್ಲೋರಿಯ ಸಂಬಂಧಿ. ಕರಾವಳಿಯವರಿಗೆ ಹೇಳುವುದಾದರೆ, ಸಮುದ್ರದ ದಂಡೆಯ ಮರಳಿನಲ್ಲಿ ಹರಿದಾಡುವ ಅಡುಂಬು ಬಳ್ಳಿಯ ದಾಯಾದಿ. ಹರಡುವ ಬುದ್ಧಿ ಎಲ್ಲಿಂದ ಬಂತೆಂದು ಇನ್ನು ಕೇಳಬೇಕಾಗಿಲ್ಲ.

ನರ್ಸರಿಯಲ್ಲಿ ಅಲಂಕಾರಕ್ಕೆಂದು ಮಾರುವ ತಳಿಗಳು ಬೇರೆ. ಮಾರ್ಗರಿಟಾ ಎಂಬುದಕ್ಕೆ ಹೃದಯದಾಕಾರದ ಗಿಣಿಹಸಿರು ಎಲೆ. ಬ್ಲ್ಯಾಕಿ ಎಂಬುದಕ್ಕೆ ಬೆರಳಿನಂತೆ ಸೀಳಿದ, ಕಪ್ಪಿಗೆ ಹತ್ತಿರದ ನೇರಳೆ ಎಲೆ. ಗುಲಾಬಿ, ಬಿಳಿ, ಹಸಿರು ಮೂರೂ ಸೇರಿದ ಒಂದು ತಳಿಯೂ ಇದೆ, ನೋಡಲು ಅದು ಮುದ್ದು, ಬೆಳವಣಿಗೆಯಲ್ಲಿ ಸೋಮಾರಿ. ಅಮೆರಿಕದ ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯ ರೂಪಿಸಿದ ಸ್ವೀಟ್ ಕ್ಯಾರೊಲಿನ್ ಸಾಲಿನ ತಳಿಗಳು ಹೆಚ್ಚು ಓಡಾಡದೆ ಕುಂಡದಲ್ಲೇ ಅಡಕವಾಗಿರುತ್ತವೆ. ಇವುಗಳ ಬುಡದಲ್ಲೂ ಗೆಡ್ಡೆ ಕಟ್ಟುತ್ತದೆ. ಒಮ್ಮೆ ಬೇಯಿಸಿ ನೋಡಿದೆ, ಸಿಹಿಯೂ ಇಲ್ಲ, ಹಿಟ್ಟಿನ ಹದವೂ ಇಲ್ಲ, ಒದ್ದೆ ರಟ್ಟು ಅಗಿದ ಹಾಗಿತ್ತು. ನರ್ಸರಿಯಲ್ಲಿ ಏನು ಔಷಧ ಹೊಡೆದಿರುತ್ತಾರೋ ಗೊತ್ತಾಗದ ಕಾರಣ, ತಂದ ಹೊಸ ಗಿಡದ ಗೆಡ್ಡೆಯನ್ನಂತೂ ತಿನ್ನಲೇಬೇಡಿ.

ತಿನ್ನುವುದೇ ಉದ್ದೇಶವಾದರೆ ಅಂಗಡಿಯ ಗೆಣಸೇ ಸಾಕು. ಒಂದು ಗೆಣಸನ್ನು ಅರ್ಧ ಮಣ್ಣಿನಲ್ಲಿ ಹೂತಿಟ್ಟು ತೇವ ಆರದಂತೆ ನೋಡಿಕೊಂಡರೆ ಕುಡಿಗಳು ಏಳುತ್ತವೆ. ಗೇಣುದ್ದದ, ಮೂರು ನಾಲ್ಕು ಗೆಣ್ಣಿರುವ ಕುಡಿ ಕತ್ತರಿಸಿ, ಎರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ಓರೆಯಾಗಿ ನೆಟ್ಟರೆ ಆಯಿತು. ಮೂರೂವರೆ ನಾಲ್ಕು ತಿಂಗಳಿಗೆ ಗೆಡ್ಡೆ ಕೀಳಬಹುದು. ತಿರುವನಂತಪುರದಲ್ಲಿ ಕೇಂದ್ರ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ 1963ರಿಂದ ಇದೆ. ಅಲ್ಲಿಯ ಭೂ ಸೋನಾ ತಳಿಯ ತಿರುಳು ಕ್ಯಾರೆಟ್ಟಿನಂತೆ ಕಿತ್ತಳೆ, ಭೂ ಕೃಷ್ಣದ್ದು ಕಡುನೇರಳೆ. ಬಳ್ಳಿ ಸಿಕ್ಕರೆ ಬಿಡಬೇಡಿ.

ಗೆಣಸಿಗೆ ಸಡಿಲ ಮಣ್ಣು ಬೇಕು. ಮರಳು ಬೆರೆತ ಕೆಮ್ಮಣ್ಣಿನ ಏರುಮಡಿ ಅದಕ್ಕೆ ಸ್ವರ್ಗ. ಬೆಳಗಾವಿ ಸೀಮೆಯಲ್ಲಿ ಅದು ಹೊಲದ ಬೆಳೆಯಾಗಿ ನಿಂತಿರುವುದು ಸುಮ್ಮನೆ ಅಲ್ಲ. ಗಟ್ಟಿ ಎರೆಮಣ್ಣಿನಲ್ಲಿ ಗೆಡ್ಡೆ ಸೊಟ್ಟಸೊಟ್ಟಗೆ ಬರುತ್ತದೆ. ಸಾಮಾನ್ಯವಾಗಿ ಎಲ್ಲರೂ ಮಾಡುವ ತಪ್ಪೆಂದರೆ ಗೊಬ್ಬರ ಸುರಿಯುವುದು. ಸಾರಜನಕ ಹೆಚ್ಚಾದರೆ ಬಳ್ಳಿ ಆನೆಯಷ್ಟು, ಗೆಡ್ಡೆ ಇಲಿಯಷ್ಟು. ಹಳೆಯ ಕೊಟ್ಟಿಗೆ ಗೊಬ್ಬರ ಒಂದು ಹಿಡಿ, ಒಲೆಯ ಬೂದಿ ಒಂದು ಹಿಡಿ ಸಾಕು. ಬಳ್ಳಿ ಹರಿದಲ್ಲೆಲ್ಲ ಗೆಣ್ಣಿನಿಂದ ಬೇರು ಬಿಟ್ಟು ಪುಡಿಗೆಡ್ಡೆ ಕಟ್ಟುತ್ತದೆ. ಆಗಾಗ ಹಂಬನ್ನು ಎತ್ತಿ ತಿರುವಿ ಹಾಕಿದರೆ ಬಲವೆಲ್ಲ ಬುಡದ ಗೆಡ್ಡೆಗೆ ಇಳಿಯುತ್ತದೆ. ಎಲೆಯ ಅಂದವೇ ಸಾಕೆನ್ನುವವರಿಗೆ ಈ ಯಾವ ರಗಳೆಯೂ ಇಲ್ಲ.

ಈ ಬಳ್ಳಿಯ ಶತ್ರುಗಳು ಹಲವು. ಎಲೆಯಲ್ಲಿ ಮೊದಲು ಗುಂಡುಸೂಜಿಯಷ್ಟು ತೂತು, ವಾರದಲ್ಲಿ ಜಾಲರಿ. ಎಲೆ ಮಗುಚಿ ನೋಡಿದರೆ ಬಂಗಾರದ ನೀರು ಹಾಕಿದಂತೆ ಹೊಳೆಯುವ, ಗಾಜಿನಂಥ ಚಿಪ್ಪಿನ ಸಣ್ಣ ದುಂಬಿ ಅಂಟಿಕೊಂಡಿರುತ್ತದೆ. ನಾವು ಚಿಕ್ಕವರಿದ್ದಾಗ ಅದನ್ನು ಹಿಡಿದು ಹಣೆಗೆ ಬೊಟ್ಟಿನಂತೆ ಇಟ್ಟುಕೊಳ್ಳುತ್ತಿದ್ದೆವು. ನಾಲ್ಕೈದು ಇದ್ದರೆ ಕೈಯಲ್ಲಿ ಆರಿಸಿ ಹಾಕಿದರೆ ಮುಗಿಯಿತು. ಮಳೆಗಾಲದ ರಾತ್ರಿ ಬರುವ ಆಫ್ರಿಕಾದ ದೊಡ್ಡ ಬಸವನಹುಳುವಿನ ಕಥೆ ಅಷ್ಟು ಸುಲಭವಲ್ಲ, ಟಾರ್ಚ್ ಹಿಡಿದು ಒಂಬತ್ತು ಗಂಟೆಯ ಮೇಲೆ ಹೆಕ್ಕಬೇಕು. ಗೆಡ್ಡೆಯನ್ನು ಕೊರೆಯುವ ಸೊಂಡಿಲು ಹುಳು ಎಲ್ಲಕ್ಕಿಂತ ಕೆಟ್ಟದ್ದು. ಅದು ತಗುಲಿದ ಗೆಣಸು ಕಹಿ. ಮಣ್ಣು ಬಿರುಕು ಬಿಟ್ಟಾಗ ಆ ಸಂದಿಯಲ್ಲೇ ಅದು ಗೆಡ್ಡೆಯನ್ನು ಸೇರುವುದರಿಂದ, ಬುಡಕ್ಕೆ ಮಣ್ಣು ಏರಿಸುತ್ತಿರುವುದೇ ಒಳ್ಳೆಯ ಮದ್ದು. ಇನ್ನು ಹೆಗ್ಗಣ. ಕಳೆದ ವರ್ಷ ಸಂಕ್ರಾಂತಿಗೆಂದು ಬಿಟ್ಟಿದ್ದ ಐದು ಬುಡಗಳಲ್ಲಿ ನಾಲ್ಕನ್ನು ಅದು ನನಗಿಂತ ಮೊದಲೇ ಅಗೆದು ಹಬ್ಬ ಮಾಡಿಕೊಂಡಿತ್ತು. ಅಂದಿನಿಂದ ತಿನ್ನುವ ಗೆಣಸನ್ನು ತಾರಸಿಯ ಮೇಲೆ, ಒಂದೂವರೆ ಅಡಿ ಅಗಲದ ಗ್ರೋಬ್ಯಾಗಿನಲ್ಲಿ ಬೆಳೆಯುತ್ತೇನೆ.

ಕಿತ್ತ ದಿನವೇ ಗೆಣಸನ್ನು ಬೇಯಿಸಬೇಡಿ. ತೊಳೆಯದೆ, ಬಿಸಿಲು ತಾಗದ ಬೆಚ್ಚನೆಯ ಜಾಗದಲ್ಲಿ ಒಂದು ವಾರ ಇಟ್ಟರೆ ಸಿಪ್ಪೆಯ ಗಾಯ ಮಾಯುತ್ತದೆ, ಸಿಹಿಯೂ ಏರುತ್ತದೆ. ತಿನ್ನುವ ಬಳ್ಳಿಯ ಎಳೆ ಕುಡಿಯ ಪಲ್ಯ ಚೆನ್ನಾಗಿರುತ್ತದೆ, ತೆಂಗಿನತುರಿ ಸ್ವಲ್ಪ ಧಾರಾಳವಾಗಿರಲಿ.

ಮನೆಯ ಪ್ರಾಣಿಗಳ ವಿಷಯದಲ್ಲಿ ಎರಡು ಮಾತು. ಅಮೆರಿಕದ ಎಎಸ್‌ಪಿಸಿಎ ಎಂಬ ಪ್ರಾಣಿದಯಾ ಸಂಸ್ಥೆ ಈ ಬಳ್ಳಿಯನ್ನು ನಾಯಿ, ಬೆಕ್ಕುಗಳಿಗೆ ಆಗದ ಗಿಡಗಳ ಪಟ್ಟಿಯಲ್ಲಿ ಇಟ್ಟಿದೆ. ಕಂಡದ್ದನ್ನೆಲ್ಲ ಕಚ್ಚುವ ನಾಯಿಮರಿ ಇದ್ದರೆ ತೂಗುಕುಂಡದಲ್ಲಿ ಹಾಕಿ. ಹಸುಗಳಿಗೆ ಹಸಿ ಬಳ್ಳಿ ಮೇವೇ. ಆದರೆ ಬೂಸ್ಟು ಹಿಡಿದ, ಕೊಳೆತ ಗೆಡ್ಡೆಯನ್ನು ಕೊಟ್ಟಿಗೆಗೆ ಎಸೆಯಬೇಡಿ. ಅದರಲ್ಲಿ ಹುಟ್ಟುವ ವಿಷ ದನದ ಶ್ವಾಸಕೋಶವನ್ನೇ ಹಾಳುಮಾಡುತ್ತದೆ.

ಫೌಂಟನ್ ಹುಲ್ಲು

ಕಂಪನಿಗಳ ಆವರಣದಲ್ಲಿ, ಹೋಟೆಲುಗಳ ಮುಂದೆ ನೀವು ಇದನ್ನು ನೋಡಿರುತ್ತೀರಿ. ಮೂರು ನಾಲ್ಕು ಅಡಿ ಎತ್ತರ, ಕಾರಂಜಿಯಂತೆ ನಾಲ್ಕೂ ಕಡೆ ಬಾಗುವ ಕಿರಿದಾದ ಎಲೆಗಳು, ಅವುಗಳ ಮೇಲೆ ಬೆಕ್ಕಿನ ಬಾಲದಂಥ ನವಿರು ತೆನೆ. ನಮ್ಮ ಸಜ್ಜೆಗೂ ದನದ ಮೇವಿನ ನೇಪಿಯರ್ ಹುಲ್ಲಿಗೂ ಇದು ಹತ್ತಿರದ ಬಂಧು. ಕೊಪ್ಪಳದ ಕಡೆಯ ಗೆಳೆಯನೊಬ್ಬ ನಮ್ಮ ಮನೆಗೆ ಬಂದವನು, ‘ನಮ್ಮೂರಲ್ಲಿ ಇದನ್ನು ಹೊಲದಲ್ಲಿ ಹಾಕುತ್ತೇವೆ, ನೀವು ದುಡ್ಡು ಕೊಟ್ಟು ಗೇಟಿನ ಮುಂದೆ ಹಾಕಿದ್ದೀರಿ’ ಎಂದು ನಕ್ಕ. ಅವನ ನಗುವಿನಲ್ಲಿ ಸತ್ಯವಿದೆ: ಪರ್ಪಲ್ ಮೆಜೆಸ್ಟಿ ಎಂಬ ನೇರಳೆ ಎಲೆಯ ಸಜ್ಜೆಗೆ 2003ರಲ್ಲಿ ಹೊಸ ತಳಿಗಳನ್ನು ಬೆಳೆದು ಪರೀಕ್ಷಿಸುವ ಅಮೆರಿಕದ ಆಲ್-ಅಮೆರಿಕಾ ಸೆಲೆಕ್ಷನ್ಸ್ ಸಂಸ್ಥೆ ಚಿನ್ನದ ಪದಕವನ್ನೇ ಕೊಟ್ಟಿತ್ತು, ಅದೂ ಅಲಂಕಾರದ ಗಿಡವೆಂದು.

ಹುಲ್ಲಿನ ದೊಡ್ಡ ಗುಣ ಅದರ ಸ್ವಾವಲಂಬನೆ. ನೆಲದಲ್ಲಿ ನೆಟ್ಟು ಎರಡು ಮೂರು ತಿಂಗಳು ನೀರು ಕೊಟ್ಟು ಬೇರು ಇಳಿಸಿದರೆ, ಆಮೇಲೆ ಬೇಸಿಗೆಯಲ್ಲೂ ವಾರಕ್ಕೊಂದು ಸಲ ಸಾಕು. ದುಂಬಿ, ಬಸವನಹುಳು ಹತ್ತಿರ ಸುಳಿಯುವುದು ಅಪರೂಪ. ಗೊಬ್ಬರ ಕೊಡದಿದ್ದರೇ ಒಳ್ಳೆಯದು, ಕೊಟ್ಟರೆ ಮೈಬೆಳೆದು ಮಲಗಿಬಿಡುತ್ತದೆ. ಬೇಕೇಬೇಕಾದ ಎರಡು ಸಂಗತಿಗಳೆಂದರೆ ಪೂರ್ತಿ ಬಿಸಿಲು ಮತ್ತು ನೀರು ನಿಲ್ಲದ ಬುಡ. ನೆರಳಿನಲ್ಲಿ ನೇರಳೆ ಹೋಗಿ ಪೇಲವ ಹಸಿರಾಗುತ್ತದೆ, ತೆನೆಯೂ ಕಡಿಮೆ. ಜೋರು ಮಳೆಯ ದಿನಗಳಲ್ಲಿ ತೆನೆಗಳೆಲ್ಲ ನೆಲಕ್ಕೆ ಒರಗುತ್ತವೆ. ಆಗುಂಬೆ, ಸಿದ್ದಾಪುರದ ಮಳೆಯಲ್ಲಿ ಇದನ್ನು ಹಾಕಿ ನಿರಾಶರಾಗಬೇಡಿ.

ವರ್ಷಕ್ಕೊಮ್ಮೆ, ಫೆಬ್ರವರಿ ಕೊನೆಗೆ, ಕುಡುಗೋಲಿನಿಂದ ಗೇಣುದ್ದ ಬಿಟ್ಟು ಪೂರ್ತಿ ಕೊಯ್ಯಬೇಕು. ಇಲ್ಲದಿದ್ದರೆ ಒಣಗಿದ ಎಲೆ ಒಳಗೇ ತುಂಬಿ ಹಳೆಯ ಪೊರಕೆಯಂತೆ ಕಾಣುತ್ತದೆ. ಕೊಯ್ದ ಮೂರು ವಾರ ಅದರ ಮುಖ ನೋಡುವಂತಿರುವುದಿಲ್ಲ. ಒಮ್ಮೆ ನಾನು ಊರಿಗೆ ಹೋಗಿದ್ದಾಗ, ಅಂಗಳ ಸ್ವಚ್ಛ ಮಾಡಲು ಬಂದವರು ಸತ್ತ ಹುಲ್ಲೆಂದು ಎರಡು ಬುಡ ಕಿತ್ತು ರಸ್ತೆಯ ಕಸದ ರಾಶಿಗೆ ಹಾಕಿದ್ದರು. ವಾಪಸ್ ಬಂದು ನೋಡಿದರೆ ಕಸದ ಮೇಲೆಯೇ ಕೆಂಪು ಚಿಗುರು. ತಂದು ನೆಟ್ಟೆ, ಈಗ ತೆನೆ ಬಿಟ್ಟಿರುವುದು ಅವೇ ಬುಡಗಳು. ಮೂರು ವರ್ಷಕ್ಕೊಮ್ಮೆ ನಡುಭಾಗ ಬರಿದಾಗುತ್ತದೆ. ಆಗ ಹಾರೆಯಿಂದ ಎಬ್ಬಿಸಿ, ತೆಂಡೆಗಳನ್ನು, ಅಂದರೆ ಬುಡದಿಂದ ಒತ್ತಾಗಿ ಏಳುವ ಕವಲುಗಳನ್ನು, ಸೀಳಿ, ಹೊರಗಿನ ಎಳೆಯ ತುಂಡುಗಳನ್ನು ಬೇರೆ ಬೇರೆ ನೆಡಬೇಕು. ಒಂದು ಬುಡದಿಂದ ಐದಾರು ಸಿಗುತ್ತವೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಹಸಿರು ಎಲೆಯ ಫೌಂಟನ್ ಹುಲ್ಲನ್ನು ತರಬೇಡಿ. ಆಫ್ರಿಕಾದ ಒಣಭೂಮಿಯ ಈ ಹುಲ್ಲಿನ ಬೀಜ ಗಾಳಿಯಲ್ಲಿ ಹಾರಿ ಎಲ್ಲೆಂದರಲ್ಲಿ ಹುಟ್ಟುತ್ತದೆ. ಹವಾಯಿ ದ್ವೀಪಗಳಲ್ಲಿ ಅದು ಲಾವಾ ಬಂಡೆಯ ಮೇಲೂ ಹಬ್ಬಿ, ಒಣಗಿ, ಬೆಂಕಿಗೆ ಇಂಧನವಾಗಿ, ಸುಟ್ಟ ಮೇಲೆ ಎಲ್ಲಕ್ಕಿಂತ ಮೊದಲು ತಾನೇ ಚಿಗುರಿ ಅಲ್ಲಿಯ ಮೂಲ ಗಿಡಗಳನ್ನು ಮೂಲೆಗೊತ್ತಿದೆ. ಐರೋಪ್ಯ ಒಕ್ಕೂಟ 2017ರಲ್ಲಿ ಅದನ್ನು ಆಕ್ರಮಣಕಾರಿ ಸಸ್ಯಗಳ ಪಟ್ಟಿಗೆ ಸೇರಿಸಿತು. ಲಂಟಾನವೂ ನಮ್ಮ ದೇಶಕ್ಕೆ ಅಂದದ ಗಿಡವಾಗಿಯೇ ಬಂದದ್ದು. ಬಂಡೀಪುರದ ದಾರಿಯಲ್ಲಿ ಹೋಗುವಾಗ ಎರಡೂ ಬದಿ ನೋಡಿ. ರೂಬ್ರಮ್ ಎಂದು ಮಾರುವ ನೇರಳೆ ತಳಿಯ ಬೀಜ ಬಹುತೇಕ ಬಂಜೆ, ಅದು ಬುಡ ಸೀಳಿಯೇ ವೃದ್ಧಿಯಾಗಬೇಕು. ನರ್ಸರಿಯವರು ‘ಎರಡೂ ಒಂದೇ ಸಾರ್’ ಎಂದರೆ ನಂಬಬೇಡಿ. ಬಿಳಿ ಕುಚ್ಚಿನಂಥ ತೆನೆಯ, ಆಳೆತ್ತರದ ಪಂಪಾಸ್ ಹುಲ್ಲಿನ ಬಗ್ಗೆಯೂ ನನ್ನದು ಇದೇ ಮಾತು, ಅದರ ಎಲೆಯಂಚು ಕೈ ಕೊಯ್ಯುವುದು ಬೇರೆ.

ಮೂರನೆಯ ದಾರಿಯೂ ಇದೆ

ಹುಲ್ಲಿನ ರೂಪ ಇಷ್ಟ, ಆದರೆ ಬರಿಯ ಅಲಂಕಾರಕ್ಕೆ ಜಾಗ ಕೊಡಲು ಮನಸ್ಸಿಲ್ಲ ಎನ್ನುವವರಿಗೆ ಲಾವಂಚ. ಬೇಸಿಗೆಯಲ್ಲಿ ಮಡಕೆಯ ನೀರಿಗೆ ಹಾಕುತ್ತೇವಲ್ಲ, ಆ ಬೇರಿನ ಗಿಡ. ಬೇರು ಪಕ್ಕಕ್ಕೆ ಹರಡದೆ ನೇರವಾಗಿ ಮೂರು ಮೀಟರಿನವರೆಗೂ ಕೆಳಗಿಳಿಯುವುದರಿಂದ ಮಣ್ಣನ್ನು ಹಿಡಿದಿಡುವುದರಲ್ಲಿ ಇದಕ್ಕೆ ಎಣೆಯಿಲ್ಲ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಮಣ್ಣಿನ ಸವಕಳಿ ತಡೆಯಲು ಲಾವಂಚದ ಸಾಲು ಬೆಳೆಸಿ ಎಂದು ದೇಶದೇಶಗಳಿಗೆ ಹೇಳತೊಡಗಿದಾಗ, ಗುಂಡ್ಲುಪೇಟೆಯ ಸುತ್ತಲಿನ ರೈತರು ತಲೆಮಾರುಗಳಿಂದ ಬದುಗಳ ಮೇಲೆ ಅದನ್ನೇ ಬೆಳೆಸಿಕೊಂಡು ಬಂದಿದ್ದರು. ದಕ್ಷಿಣ ಭಾರತದ ಲಾವಂಚ ಬೀಜದಿಂದ ಹರಡುವುದಿಲ್ಲ, ಆ ಭಯವೂ ಬೇಡ. ನೋಡಲು ಮಾತ್ರ ಅದು ಹಸಿರು ಹುಲ್ಲು ಅಷ್ಟೇ, ನೇರಳೆಯ ಬೆಡಗು ಇಲ್ಲ.

ಮಜ್ಜಿಗೆ ಹುಲ್ಲನ್ನೂ ಸೇರಿಸಿಕೊಳ್ಳಬಹುದು. ಕಷಾಯಕ್ಕಾಗುತ್ತದೆ, ಎರಡು ಬುಡ ಸಾಕು.

ಖರ್ಚಿನ ಲೆಕ್ಕ

ಗೆಣಸಿಗೆ ಖರ್ಚೇ ಇಲ್ಲ ಎಂದರೂ ನಡೆಯುತ್ತದೆ. ಯಾರದಾದರೂ ಬಳ್ಳಿಯ ನಾಲ್ಕು ಕುಡಿ ಕೇಳಿ ತಂದು ಒಂದು ಲೋಟ ನೀರಿನಲ್ಲಿಟ್ಟರೆ ವಾರದಲ್ಲಿ ಬೇರು. ಅಲಂಕಾರದ ತಳಿಯಾದರೂ ಒಂದೇ ಕುಂಡ ಕೊಂಡು ಉಳಿದದ್ದನ್ನು ಕುಡಿಯಿಂದ ಮಾಡಿಕೊಳ್ಳಬಹುದು. ಹತ್ತಡಿ ಪಟ್ಟಿ ಎರಡು ತಿಂಗಳಲ್ಲಿ ಮುಚ್ಚುತ್ತದೆ. ಹುಲ್ಲಿಗೆ ಮೊದಲ ಖರ್ಚು ಹೆಚ್ಚು, ಯಾಕೆಂದರೆ ಬುಡದಿಂದ ಬುಡಕ್ಕೆ ಎರಡೂವರೆ ಅಡಿಯಂತೆ ಹತ್ತಡಿಗೆ ನಾಲ್ಕು ಗಿಡ ಬೇಕು. ಕಾಯುವ ತಾಳ್ಮೆ ಇದ್ದರೆ ಬೆಂಗಳೂರಿನ ಸಿದ್ಧಾಪುರದಂಥ ನರ್ಸರಿ ಬೀದಿಯಲ್ಲಿ ತೆಂಡೆ ತುಂಬಿದ ಒಂದೇ ದೊಡ್ಡ ಕುಂಡ ಆರಿಸಿ ತಂದು ಮನೆಯಲ್ಲಿ ಮೂರಾಗಿ ಸೀಳಿ. ಮುಂದಿನ ವರ್ಷಗಳ ಲೆಕ್ಕ ಮಾತ್ರ ತಿರುಗುಮುರುಗು: ಬಳ್ಳಿಗೆ ನಿಮ್ಮ ಸಮಯ ಹೋಗುತ್ತಲೇ ಇರುತ್ತದೆ, ವರ್ಷಕ್ಕೊಮ್ಮೆ ಹೊಸ ಕುಡಿ ನೆಡದಿದ್ದರೆ ಬುಡ ಬೋಳಾಗುತ್ತದೆ. ಹುಲ್ಲಿಗೆ ವರ್ಷಕ್ಕೆ ಒಂದು ಬೆಳಗಿನ ಕೆಲಸ.

ಅಮೆರಿಕದ ಉತ್ತರ ರಾಜ್ಯಗಳಲ್ಲಿರುವ ಕನ್ನಡಿಗರಿಗೆ ಈ ಲೆಕ್ಕವೇ ಬೇರೆ. ಹಿಮ ಬಿದ್ದರೆ ಎರಡೂ ಸಾಯುತ್ತವೆ, ಹಾಗಾಗಿ ಅಲ್ಲಿ ಎರಡೂ ಒಂದು ಬೇಸಿಗೆಯ ಗಿಡಗಳೇ. ಅಲ್ಲಿಯವರು ದೊಡ್ಡ ಕುಂಡದ ನಡುವೆ ನೇರಳೆ ಹುಲ್ಲನ್ನು ನಿಲ್ಲಿಸಿ, ಅಂಚಿನಿಂದ ಗಿಣಿಹಸಿರು ಗೆಣಸಿನ ಬಳ್ಳಿಯನ್ನು ಕೆಳಗೆ ಇಳಿಬಿಡುತ್ತಾರೆ. ನೋಡಲು ಬಹಳ ಚೆಂದ. ನಾನೂ ಇಲ್ಲಿ ಮಾಡಿ ನೋಡಿದೆ. ನಮ್ಮ ಹವೆಯಲ್ಲಿ ಬಳ್ಳಿಗೆ ಚಳಿಯ ಕಡಿವಾಣ ಇಲ್ಲವಲ್ಲ, ಐದನೆಯ ತಿಂಗಳಿಗೆ ಗೆಡ್ಡೆ ಊದಿ ಕುಂಡವೇ ಬಿರಿಯಿತು. ಜೋಡಿ ಮಾಡುವುದಾದರೆ ನಾಲ್ಕು ತಿಂಗಳಿಗೊಮ್ಮೆ ಬಳ್ಳಿಯನ್ನು ಕಿತ್ತು ಹೊಸ ಕುಡಿ ಇಡಿ.

ಯಾರಿಗೆ ಯಾವುದು

ಚಿಕ್ಕಮ್ಮನ ಮಗಳಿಗಿರುವುದು ಪೂರ್ವಕ್ಕೆ ಮುಖ ಮಾಡಿದ ಬಾಲ್ಕನಿ, ಬೆಳಗಿನ ಮೂರು ತಾಸು ಬಿಸಿಲು. ಹುಲ್ಲು ಅಲ್ಲಿ ಬಣ್ಣಗೆಡುತ್ತದೆ. ಅವಳಿಗೆ ಮಾರ್ಗರಿಟಾ ಹೇಳಿದೆ, ಅರೆನೆರಳಿನಲ್ಲೂ ಅದರ ಎಲೆ ಹೊಳೆಯುತ್ತದೆ. ಗೆಡ್ಡೆ ಬೇಕೆಂದಳು, ಆರು ತಾಸು ಬಿಸಿಲಿಲ್ಲದೆ ಅದು ಆಗುವುದಿಲ್ಲವೆಂದೆ. ಮಾರ್ಚ್, ಏಪ್ರಿಲಿನಲ್ಲಿ ಕುಂಡಕ್ಕೆ ದಿನವೂ ನೀರು ಬೇಕು. ಮಧ್ಯಾಹ್ನ ಜೋತುಬಿದ್ದ ಎಲೆ ಸಂಜೆ ತಾನಾಗಿ ಎದ್ದರೆ ಗಾಬರಿಯಾಗಬೇಕಾಗಿಲ್ಲ, ಬೆಳಿಗ್ಗೆಯೂ ಜೋತಿದ್ದರೆ ಮಾತ್ರ ಬಾಯಾರಿಕೆ.

ಮೇಷ್ಟ್ರ ಮನೆಯದು ಪಶ್ಚಿಮದ ಸುಡುಬಿಸಿಲು. ವರ್ಷದಲ್ಲಿ ನಾಲ್ಕು ತಿಂಗಳು ಮಗನ ಮನೆಯಲ್ಲಿರುತ್ತಾರೆ. ಬಗ್ಗಿ ಬಳ್ಳಿ ತಿರುವುವ ಸೊಂಟವೂ ಈಗ ಅವರಿಗಿಲ್ಲ. ಅವರಿಗೆ ನೇರಳೆ ಹುಲ್ಲು, ಮೂರೇ ಬುಡ. ‘ತಿನ್ನಲು ಏನೂ ಬರುವುದಿಲ್ಲವಲ್ಲಯ್ಯಾ’ ಎಂದು ಸ್ವಲ್ಪ ಮುಖ ಸಣ್ಣ ಮಾಡಿದರು. ನಮ್ಮ ತಾರಸಿಯ ಗೆಣಸಿನಲ್ಲಿ ಅವರಿಗೂ ಪಾಲೆಂದು ಒಪ್ಪಂದವಾಗಿದೆ.

ಭಾವನಿಗೆ ಎರಡನ್ನೂ ಬೇಡವೆಂದೆ. ಇಳಿಜಾರಿನಲ್ಲಿ ಗೆಣಸು ಹಾಕಿದರೆ ಬಳ್ಳಿ ಮಣ್ಣನ್ನು ಮುಚ್ಚುತ್ತದೆ ನಿಜ, ಆದರೆ ಗೆಡ್ಡೆ ಕೀಳಲು ಗುದ್ದಲಿ ಹಾಕಿದ ದಿನವೇ ಮಣ್ಣು ಸಡಿಲವಾಗಿ ಮುಂದಿನ ಮಳೆಗೆ ಕೆಳಗಿಳಿಯುತ್ತದೆ. ಕಾಡಂಚಿನ ಊರು ಬೇರೆ, ಗೆಣಸಿನ ವಾಸನೆಗೆ ಹಂದಿಗಳು ಬರುವುದಕ್ಕೆ ತಡವಿಲ್ಲ. ಇಳಿಜಾರಿಗೆ ಅಡ್ಡಲಾಗಿ, ಅರ್ಧ ಅಡಿಗೊಂದರಂತೆ ಎರಡು ಸಾಲು ಲಾವಂಚ ನೆಡಲು ಹೇಳಿದೆ. ಜುಲೈ ಮೊದಲ ವಾರ ಗುಂಡ್ಲುಪೇಟೆಯ ಕಡೆಯಿಂದ ಒಂದು ಗೋಣಿಚೀಲ ಲಾವಂಚದ ಬುಡ ತಂದು, ಎಲೆಯನ್ನು ಗೇಣುದ್ದಕ್ಕೆ ಕತ್ತರಿಸಿ, ತೆಂಡೆ ಮೂರು ಮೂರಾಗಿ ಸೀಳಿ ನೆಟ್ಟಿದ್ದಾರೆ. ಮೊನ್ನೆ ಫೋನಿನಲ್ಲಿ ಕೇಳಿದೆ, ಹತ್ತರಲ್ಲಿ ಎಂಟು ಹಿಡಿದಿವೆಯಂತೆ. ಉಳಿದ ಎರಡರ ಜಾಗಕ್ಕೆ ಅಕ್ಕ ಸದ್ದಿಲ್ಲದೆ ಮಜ್ಜಿಗೆ ಹುಲ್ಲು ಇಟ್ಟಿದ್ದಾಳೆ.